ಕೊಡಚಾದ್ರಿಯ ದಾರಿಯಲ್ಲಿ ನಡುಗಿದ ಜೀಪು

ಹೆಸರಿಗೆ ನಗರ, ಕಣ್ಣಿಗೆ ಹಳ್ಳಿ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಕೊಲ್ಲೂರಿನ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಹಳೆಯ ಕೋಟೆಯೊಂದಕ್ಕೆ ಒರಗಿಕೊಂಡು ಕುಳಿತಿರುವ ಈ ಊರನ್ನು ಕಂಡವರು ಇದೊಂದು ಕಾಲಕ್ಕೆ ರಾಜಧಾನಿಯಾಗಿತ್ತೆಂದರೆ ಥಟ್ಟನೆ ನಂಬಲಾರರು. ಬಿದಿರು ಮೆಳೆಗಳ ಊರಾದ್ದರಿಂದ ಬಿದನೂರು. ಅದನ್ನೇ ಸಂಸ್ಕೃತಕ್ಕೆ ತಿರುಗಿಸಿ ವೇಣುಪುರ. ಕೆಳದಿಯ ಅರಸರು ಇಕ್ಕೇರಿಯನ್ನು ಬಿಟ್ಟು ಇಲ್ಲಿ ನೆಲೆಸಿದರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಾಲದಲ್ಲಿ ಊರು ತನ್ನ ಪ್ರಾಯವನ್ನು ಕಂಡಿತು. 1763ರಲ್ಲಿ ಹೈದರ್ ಅಲಿ ಇದನ್ನು ಗೆದ್ದು ಹೈದರ್‌ನಗರವೆಂದು ಕರೆದ. ಕಾಲಪುರುಷನು ಆ ಹೈದರನನ್ನೂ ಮೆಲ್ಲಗೆ ಕಳಚಿ ಹಾಕಿ, ಬರಿಯ ‘ನಗರ’ವನ್ನು ಉಳಿಸಿದ್ದಾನೆ. ತರಗತಿಯಲ್ಲಿ ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ದ ಪ್ರಸ್ತಾಪ ಬಂದಾಗಲೆಲ್ಲ ಈ ಊರು ನನ್ನ ಮನಸ್ಸಿನಲ್ಲಿ ಸುಳಿಯುತ್ತಿದ್ದುದುಂಟು.

ಇಂಥ ಊರಿನಲ್ಲಿ ಅರ್ಧ ಗಂಟೆ ನಿಂತು, ಕೋಟೆಯ ಬಾಗಿಲನ್ನು ನೋಡಿ, ಒಂದು ಲೋಟ ಕಾಫಿ ಕುಡಿದು ಮುಂದೆ ಸಾಗುವುದು ಪ್ರವಾಸಿಗರ ವಾಡಿಕೆ. 2023ರ ಡಿಸೆಂಬರಿನಲ್ಲಿ ನಾವು ಒಂದು ಹಗಲೂ ಒಂದು ಇರುಳೂ ಅಲ್ಲಿ ತಂಗಿದೆವು. ಅದಕ್ಕೆ ಕಾರಣ ಇತಿಹಾಸದಲ್ಲಿ ನಮಗಿದ್ದ ಆಸಕ್ತಿಯಲ್ಲ. ನಾವು ಏರಿದ್ದ ಜೀಪಿನ ನಡುಕ.

ನಮ್ಮ ತಾಯಿಯವರಿಗೆ ಕೊಲ್ಲೂರಿನ ಮೂಕಾಂಬಿಕೆಗೆ ಸಲ್ಲಿಸಬೇಕಾದ ಹರಕೆಯೊಂದು ಬಹಳ ದಿನಗಳಿಂದ ಉಳಿದಿತ್ತು. ಅದಕ್ಕೆ ಮೊದಲು ಕೊಡಚಾದ್ರಿಯ ಮೇಲಿನ ಮೂಲ ಮೂಕಾಂಬಿಕೆಯ ಗುಡಿಯನ್ನು ನೋಡಬೇಕೆಂಬುದು ಅವರ ಆಸೆ. ಕೊಡಚಾದ್ರಿ 1343 ಮೀಟರು ಎತ್ತರದ ಬೆಟ್ಟ. ಕೆಳಗಿನಿಂದ ನಡೆದು ಏರುವ ವಯಸ್ಸು ಅವರದಲ್ಲ, ಎಪ್ಪತ್ತು ದಾಟಿದೆ. ಕಾರು ಆ ದಾರಿಗೆ ಬಾರದು. ಕಲ್ಲು, ಕೊರಕಲು, ಜಾರುವ ಕೆಂಮಣ್ಣುಗಳ ಆ ಕೊನೆಯ ಸುಮಾರು 10 ಕಿಲೋಮೀಟರಿಗೆ ನಾಲ್ಕು ಚಕ್ರಗಳಿಗೂ ಇಂಜಿನಿನ ಬಲ ಹರಿಯುವ ಜೀಪೇ ಬೇಕು. ಆದ್ದರಿಂದ ತಾಯಿ, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ನಾನು ಹೊಸನಗರದಲ್ಲಿ ಒಂದು ಜೀಪನ್ನು ಗೊತ್ತುಮಾಡಿಕೊಂಡೆವು. ನಗರ, ಸಂಪೇಕಟ್ಟೆಗಳ ಮೇಲೆ ಹಾಯ್ದು ಬೆಟ್ಟವನ್ನೇರಿ, ಸಂಜೆಗೆ ನಾಗೋಡಿಯ ಘಾಟಿಯಲ್ಲಿ ಇಳಿದು ಕೊಲ್ಲೂರು ಸೇರುವುದೆಂದು ನಿಶ್ಚಯವಾಯಿತು.

ಜೀಪಿನ ರೂಪವನ್ನು ವಾಚಕರಿಗೆ ನಾನು ವರ್ಣಿಸಬೇಕಾಗಿಲ್ಲ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ 1941ರಿಂದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಲಕ್ಷಗಟ್ಟಲೆ ತಯಾರಿಸಿದ ಗಾಡಿ ಅದು. ಯುದ್ಧ ಮುಗಿದ ಮೇಲೆ ರೈತರ ಮನೆಯಂಗಳಕ್ಕೆ ಬಂತು. ನಮ್ಮ ದೇಶದಲ್ಲಿ 1947ರಿಂದ ಮಹೀಂದ್ರ ಸಂಸ್ಥೆಯವರು ಅದನ್ನು ಜೋಡಿಸತೊಡಗಿದರು. ಚೌಕನೆಯ ಮೂತಿ, ಬೆತ್ತಲೆ ಬೆನ್ನು, ಕೆಳಗೆ ಪಟ್ಟಿಪಟ್ಟಿಯಾದ ಉಕ್ಕಿನ ಸ್ಪ್ರಿಂಗು. ಇಷ್ಟು ವರ್ಷಗಳಾದರೂ ಮಲೆನಾಡು ಅದರ ಕೈಬಿಟ್ಟಿಲ್ಲ. ನಮ್ಮ ಪಾಲಿಗೆ ಬಂದುದಕ್ಕೆ ಇಪ್ಪತ್ತೇಳು ವರ್ಷ ವಯಸ್ಸೆಂದು ಚಾಲಕನೇ ಹೇಳಿದ. ಅವನ ವಯಸ್ಸು ಅದಕ್ಕಿಂತ ನಾಲ್ಕೈದು ಹೆಚ್ಚಿದ್ದೀತು. ಗಾಡಿ ಅವನ ತಂದೆಯದು; ಈಗ ಅವನದು; ಮನೆಯ ಐದು ಜನರ ಅನ್ನ ಅದರ ಮೇಲೆ. ಶನಿವಾರ ಭಾನುವಾರಗಳ ಯಾತ್ರಿಕರಿಂದ ಬಂದುದರಲ್ಲಿ ವಾರವೆಲ್ಲ ಸಾಗಬೇಕು. ನಾವು ಹೊರಟದ್ದು ಶನಿವಾರ.

ಹೊಸನಗರ ಬಿಟ್ಟು ಸ್ವಲ್ಪ ದೂರ ಬಂದಾಗ ಸೇತುವೆಯೊಂದರ ಅಂಚಿನ ಉಬ್ಬಿಗೆ ಮುಂದಿನ ಚಕ್ರಗಳು ತಗುಲಿದವು. ತಗುಲಿದ್ದೇ ತಡ, ಸ್ಟಿಯರಿಂಗು ಚಾಲಕನ ಕೈಯಲ್ಲಿ ಎಡಕ್ಕೂ ಬಲಕ್ಕೂ ಹುಚ್ಚು ಹಿಡಿದಂತೆ ಬಡಿದುಕೊಳ್ಳತೊಡಗಿತು. ಮುಂದಿನ ಗಾಜು, ಮಡ್ಗಾರ್ಡು, ನಮ್ಮ ಹಲ್ಲುಗಳು ಎಲ್ಲವೂ ಒಟ್ಟಿಗೆ ಕಟಕಟಿಸಿದವು. ಚಾಲಕ ವೇಗ ತಗ್ಗಿಸಿದ. ನಡುಕ ತಾನಾಗಿ ಅಡಗಿತು. “ಐವತ್ತು ದಾಟಿದ್ರೆ ಹಿಂಗೆ ಸಾರ್, ವಾಬ್ಲಿಂಗು,” ಎಂದ, ನೆಗಡಿಯೆಂದು ಹೇಳುವಷ್ಟು ಸಲೀಸಾಗಿ. ಮುಂದೆ ಒಂದು ಇಳಿಜಾರಿನಲ್ಲಿ ಬ್ರೇಕು ತುಳಿದಾಗ ಇನ್ನೊಂದು ಬಗೆಯ ನಡುಕ ಬಂತು. ಇದು ಹುಚ್ಚಲ್ಲ, ಒಂದು ಲಯ. ಧಕ್, ಧಕ್, ಧಕ್ ಎಂದು ಚಕ್ರದ ಸುತ್ತಿಗೊಂದರಂತೆ. ಗಾಡಿ ನಿಧಾನವಾದಂತೆ ಲಯವೂ ನಿಧಾನವಾಗಿ, ನಿಂತಾಗ ನಿಂತಿತು. ಹಿಂದಿನ ಆಸನದಲ್ಲಿದ್ದ ನನ್ನ ಹೆಂಡತಿ, “ಈ ಗಾಡಿಯಲ್ಲಿ ಅಮ್ಮನನ್ನು ಘಾಟಿ ಇಳಿಸುವುದು ನಿಮಗೆ ಒಪ್ಪಿಗೆಯೇ?” ಎಂದು ಕೇಳಿದಳು. ಆ ಪ್ರಶ್ನೆಯನ್ನು ಚಾಲಕನೂ ಕೇಳಿಸಿಕೊಂಡಿರಬೇಕು. ನಗರ ಬಂದೊಡನೆ ಕಾಫಿಯ ಹೋಟೆಲಿನ ಮುಂದೆ ನಿಲ್ಲಿಸದೆ, ಊರ ಅಂಚಿನ ಒಂದು ತಗಡಿನ ಮಾಡಿನ ಕೆಳಗೆ ಗಾಡಿಯನ್ನು ತಂದು ನಿಲ್ಲಿಸಿದ.

ಆ ಮಾಡಿನ ಕೆಳಗೆ ಹೆಸರಿನ ಹಲಗೆಯಿರಲಿಲ್ಲ. ಹಲಸಿನ ಮರದ ಬುಡದಲ್ಲಿ ಸತ್ತ ಜೀಪುಗಳ ಎಲುಬುಗಳು ರಾಶಿ ಬಿದ್ದಿದ್ದವು. ಮೇಸ್ತ್ರಿಗಳು ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ. ಕಿವಿಯ ಸಂದಿಯಲ್ಲಿ ಒಂದು ಸೀಮೆಸುಣ್ಣದ ತುಂಡು. ನಮ್ಮ ಚಾಲಕ ತನ್ನ ಕಷ್ಟವನ್ನೆಲ್ಲ ಒಂದೇ ಉಸಿರಿನಲ್ಲಿ ತೋಡಿಕೊಂಡ. ಎರಡು ತಿಂಗಳ ಹಿಂದೆ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಈ ನಡುಕಕ್ಕೆಂದೇ ಮುಂದಿನ ಎರಡು ಟೈರು ಹೊಸದು ಹಾಕಿಸಿದರಂತೆ, ಹೋಗಲಿಲ್ಲ. ಷಾಕ್ ಅಬ್ಸಾರ್ಬರು ಬದಲಾಯಿಸಿದರಂತೆ, ಹೋಗಲಿಲ್ಲ. ಬ್ರೇಕಿನ ಲೈನಿಂಗು ಬದಲಾಯಿಸಿದರಂತೆ. ಎರಡು ವಾರ ಸುಮ್ಮನಿದ್ದು ಮತ್ತೆ ಬಂತು. ಖರ್ಚು ಇಪ್ಪತ್ತು ಸಾವಿರದ ಮೇಲೆ.

ಮೇಸ್ತ್ರಿಗಳು ಎಲ್ಲವನ್ನೂ ಕೇಳಿ, “ಯಾವಾಗ?” ಎಂದರು.

“ಎರಡು ತಿಂಗಳಾಯ್ತು…”

“ಅದಲ್ಲ ಮಾರಾಯ. ನಡುಗೋದು ಯಾವಾಗ? ಬ್ರೇಕು ತುಳಿದಾಗಲೋ, ತುಳಿಯದೆ ಇದ್ದಾಗಲೋ? ಎಷ್ಟು ವೇಗದಲ್ಲಿ? ಕೈಯಲ್ಲಿ ತಿಳೀತದೋ, ಕಾಲಲ್ಲೋ, ಕೂತಲ್ಲೋ?”

ವೈದ್ಯಶಾಸ್ತ್ರದ ಬಗ್ಗೆ ನನಗೆ ಗೊತ್ತಿರುವುದು ಕಡಮೆ. ಆದರೆ ನಮ್ಮ ಹಳೆಯ ಪಂಡಿತರು ನಾಡಿ ಹಿಡಿಯುವ ಮುನ್ನ ಇಂಥವೇ ಪ್ರಶ್ನೆಗಳನ್ನು ಕೇಳುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಪಟ್ಟಣದ ಕಾರ್ಖಾನೆಯವರು ಕೇಳದೇ ಬಿಟ್ಟದ್ದು ಈ ಮೂರು ಮಾತುಗಳನ್ನೇ. ಅವರು ‘ಏನು’ ಎಂದು ಕೇಳಿದರು. ‘ನಡುಕ’ ಎಂಬ ಉತ್ತರ ಬಂತು. ನಡುಕಕ್ಕೆ ಟೈರು ಎಂಬ ಮದ್ದನ್ನು ಕೊಟ್ಟರು. ನಡುಕವೊಂದೇ ಪದವಾದರೂ ಅದರ ಅರ್ಥ ಹಲವು ಎಂಬುದನ್ನು ಭಾಷೆಯ ಅಧ್ಯಾಪಕನಾದ ನಾನು ಆ ದಿನ ಒಬ್ಬ ಜೀಪಿನ ಮೇಸ್ತ್ರಿಯಿಂದ ಕೇಳಿಸಿಕೊಂಡೆ.

ಅವರ ವಿವರಣೆ ಹೀಗೆ: ಬ್ರೇಕನ್ನು ಮುಟ್ಟದೆಯೇ ಗಾಡಿ ನಡುಗಿದರೆ ದೋಷ ಚಕ್ರದಲ್ಲೋ, ಅಚ್ಚಿನಲ್ಲೋ, ಉದ್ದನೆಯ ಪ್ರೊಪೆಲ್ಲರ್ ಷಾಫ್ಟಿನಲ್ಲೋ ಇರಬೇಕು. ಬ್ರೇಕು ತುಳಿದಾಗ ಮಾತ್ರ ನಡುಗಿದರೆ ಬ್ರೇಕಿನ ಡ್ರಮ್ಮಿನಲ್ಲಿ ಹುಡುಕಬೇಕು. ಸ್ಟಿಯರಿಂಗಿನಲ್ಲಿ ತಿಳಿದರೆ ಮುಂದಿನ ಚಕ್ರ. ಆಸನದಲ್ಲಿ ತಿಳಿದರೆ ಹೆಚ್ಚಾಗಿ ಹಿಂದಿನದು. ಪೆಡಲು ಪಾದವನ್ನು ಒದೆಯುತ್ತಿದ್ದರೆ ಡ್ರಮ್ಮು ದುಂಡಗಿಲ್ಲ. ಗೇರನ್ನು ನ್ಯೂಟ್ರಲಿಗೆ ತಂದು ಗಾಡಿಯನ್ನು ಸುಮ್ಮನೆ ಉರುಳಲು ಬಿಟ್ಟು ನೋಡಬೇಕು. ಆಗಲೂ ನಡುಕ ಉಳಿದರೆ ಇಂಜಿನನ್ನು ದೂರಬಾರದು.

ಚಕ್ರದ ನಡುಕವನ್ನೂ ಷಾಫ್ಟಿನ ನಡುಕವನ್ನೂ ಬೇರ್ಪಡಿಸುವ ಬಗೆ ಇನ್ನೂ ಸ್ವಾರಸ್ಯವಾಗಿತ್ತು. ಊರಿಗೆ ಮರಳಿದ ಮೇಲೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರ ಮುಂದೆ ಇದನ್ನಿಟ್ಟಾಗ ಅವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹಳೆಯ ಜೀಪಿನ ಚಕ್ರ ಸೆಕೆಂಡಿಗೆ ಸುಮಾರು ಆರು ಸಲ ಸುತ್ತುತ್ತದೆ. ಹಳೆಯ ವಿಲ್ಲಿಸ್ ಮಾದರಿಯಲ್ಲಿ ಚಕ್ರದ ಒಂದು ಸುತ್ತಿಗೆ ಷಾಫ್ಟಿನದು 5.38 ಸುತ್ತು, ಎಂದರೆ ಸೆಕೆಂಡಿಗೆ ಮೂವತ್ತಕ್ಕೂ ಮೇಲೆ. ಆದ್ದರಿಂದ ಚಕ್ರದ ದೋಷ ಕುದುರೆಯ ಓಟದಂತೆ ಬಡಿಬಡಿದು ತಿಳಿಯುತ್ತದೆ. ಷಾಫ್ಟಿನ ದೋಷ ತಂಬೂರಿಯ ತಂತಿಯಂತೆ ಗುಂಯ್‌ಗುಡುತ್ತದೆ. “ಬಡಿದ್ರೆ ಚಕ್ರ, ಗುಂಯ್ ಅಂದ್ರೆ ಷಾಫ್ಟು,” ಎಂದು ಮೇಸ್ತ್ರಿಗಳು ಹೇಳಿದ್ದ ಐದು ಪದಗಳಿಗೆ ನಮ್ಮ ಮಿತ್ರರ ಅರ್ಧ ಪುಟ ಲೆಕ್ಕ ವ್ಯಾಖ್ಯಾನವಾಯಿತು.

ಮೊದಲು ಅವರು ಮಾಡಿದ ಕೆಲಸ ಯಾವ ಶಾಸ್ತ್ರಕ್ಕೂ ಸೇರಿದ್ದಲ್ಲ. ಒಂದು ಕಬ್ಬಿಣದ ಪಟ್ಟಿಯಿಂದ ಚಕ್ರಗಳ ಒಳಬದಿಯನ್ನು ಕೆರೆದರು. ಒಣಗಿ ಕಲ್ಲಾಗಿದ್ದ ಕೆಂಮಣ್ಣು ಹೆಂಟೆಹೆಂಟೆಯಾಗಿ ಉದುರಿತು. ಬಲಗಡೆಯ ಮುಂದಿನ ಚಕ್ರವೊಂದರಿಂದಲೇ ನಾಲ್ಕು ಹಿಡಿ ಮಣ್ಣು ಬಂದಿತ್ತು. ಗಿರಗಿರನೆ ತಿರುಗುವ ಚಕ್ರದ ಒಂದು ಮಗ್ಗುಲಿಗೆ ಇಷ್ಟು ಭಾರ ಅಂಟಿಕೊಂಡರೆ ಅದು ಕುಣಿಯದೆ ಇರುವುದೆಂತು? ಹುಲಿಕಲ್ಲು, ನಗರ, ನಿಟ್ಟೂರುಗಳ ಈ ಸೀಮೆ ಮಳೆಯ ತವರು. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಎಡೆಗಳಲ್ಲಿ ಹುಲಿಕಲ್ಲೂ ಒಂದು. ಮಳೆಗಾಲದಲ್ಲಿ ಮೆತ್ತಿದ ಮಣ್ಣು ಡಿಸೆಂಬರಿಗೆ ಇಟ್ಟಿಗೆಯಾಗಿರುತ್ತದೆ. ಇಲ್ಲಿಯ ಗಾಡಿಗಳ ಕಾಯಿಲೆಗಳಲ್ಲಿ ಅರ್ಧ, ಇಲ್ಲಿಯ ನೆಲದ್ದೇ ಎಂದು ನನಗೆ ಅನ್ನಿಸಿತು.

ಬಳಿಕ ಜಾಕಿ ಹಾಕಿ ಮುಂದಿನ ಚಕ್ರವನ್ನು ಎತ್ತಿದರು. ಎರಡು ಕೈಗಳಿಂದ ಚಕ್ರದ ನೆತ್ತಿಯನ್ನೂ ಬುಡವನ್ನೂ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಎಂದು ಸಣ್ಣ ಸದ್ದು. ನಮ್ಮ ಚಾಲಕನಿಗೆ ಬ್ರೇಕು ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದರು. ಸದ್ದು ಕಡಮೆಯಾಯಿತು, ಪೂರಾ ಹೋಗಲಿಲ್ಲ. ಇದರ ಮರ್ಮವನ್ನು ನನ್ನ ಮಗಳು ಕೇಳಿದಳು. ಅವಳಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಬ್ರೇಕು ತುಳಿದಾಗ ಡ್ರಮ್ಮೂ ಅದರ ಹಿಂದಿನ ತಟ್ಟೆಯೂ ಒಂದಾಗಿ ಬಿಗಿದುಕೊಳ್ಳುತ್ತವೆ. ಚಕ್ರದ ಬೇರಿಂಗು ಸಡಿಲವಾಗಿದ್ದರೆ ಆ ಅಲುಗಾಟ ಆಗ ಮಾಯವಾಗಬೇಕು. ಆಗಲೂ ಉಳಿದರೆ ಸಡಿಲವಿರುವುದು ಅದಕ್ಕಿಂತ ಒಳಗೆ, ಚಕ್ರ ಎಡಬಲಕ್ಕೆ ಹೊರಳುವ ಕಿಂಗ್‌ಪಿನ್ನಿನಲ್ಲಿ. ಇಲ್ಲಿ ಎರಡೂ ಸೇರಿಕೊಂಡಿದ್ದವು. ಮುಂದೆ ಚಕ್ರದ ಎಡಬಲದ ಅಂಚುಗಳನ್ನು ಹಿಡಿದು ಅಲ್ಲಾಡಿಸಿದರು. ಅದು ಸ್ಟಿಯರಿಂಗಿನ ಕೊಂಡಿಗಳ ಪರೀಕ್ಷೆ. ಕೊಂಡಿಗಳು ಬಿಗಿಯಾಗಿಯೇ ಇದ್ದವು.

ಆ ಹುಚ್ಚು ನಡುಕದ ಮೂಲ ಕಿಂಗ್‌ಪಿನ್ನು. ಅದರ ಮೇಲೂ ಕೆಳಗೂ ಇರುವ ಬೇರಿಂಗುಗಳ ಮೇಲೆ ಒಂದಿಷ್ಟು ಬಿಗಿ ಸದಾ ಇರಬೇಕು. ಆ ಬಿಗಿಯೇ ಚಕ್ರ ತನ್ನಿಷ್ಟಕ್ಕೆ ಹೊರಳದಂತೆ ತಡೆಯುವ ಲಗಾಮು. ವರ್ಷಗಳು ಕಳೆದಂತೆ ಲಗಾಮು ಸಡಿಲುತ್ತದೆ. ಉಬ್ಬೊಂದು ತಗುಲಿದಾಗ ಚಕ್ರ ಒಮ್ಮೆ ಎಡಕ್ಕೆ ಹೊರಳಿ, ತಡೆಯುವವರಿಲ್ಲದೆ ಬಲಕ್ಕೆ ಮರಳಿ, ಮತ್ತೆ ಎಡಕ್ಕೆ. ಒಂದು ತೂಗು ಇನ್ನೊಂದನ್ನು ಹೆಚ್ಚಿಸುತ್ತ ಹೋಗುತ್ತದೆ. ಹೊಸ ಟೈರಿನಿಂದಾಗಲಿ ಷಾಕ್ ಅಬ್ಸಾರ್ಬರಿನಿಂದಾಗಲಿ ಇದು ಮುಚ್ಚಿಹೋದೀತು, ವಾಸಿಯಾಗದು. ಮದ್ದು ಮಾತ್ರ ಅತ್ಯಲ್ಪ ಬೆಲೆಯದು. ಕಿಂಗ್‌ಪಿನ್ನಿನ ಮುಚ್ಚಳದ ಕೆಳಗೆ ಕಾಗದದಷ್ಟು ತೆಳುವಾದ ತಗಡುಗಳು ಇರುತ್ತವೆ. ಅವುಗಳಲ್ಲಿ ಒಂದೆರಡನ್ನು ತೆಗೆದರೆ ಬಿಗಿ ಮರಳುತ್ತದೆ. ಎಷ್ಟು ತೆಗೆಯಬೇಕೆಂಬುದನ್ನು ತಿಳಿಯಲು ಮೇಸ್ತ್ರಿಗಳು ಮೀನು ಮಾರುವವರ ಸ್ಪ್ರಿಂಗ್ ತಕ್ಕಡಿಯೊಂದನ್ನು ತಂದರು! ಕೊಂಡಿಯನ್ನು ಕಳಚಿ, ತಕ್ಕಡಿಯ ಕೊಕ್ಕೆಯನ್ನು ಅಲ್ಲಿಗೆ ಸಿಕ್ಕಿಸಿ ಎಳೆದು, ಹೊರಳಲು ಬೇಕಾಗುವ ಬಲವನ್ನು ತೂಗಿದರು. ನನ್ನ ತಾಯಿಯವರಿಗೆ ಅದನ್ನು ಕಂಡು ನಗು ತಡೆಯಲಾಗಲಿಲ್ಲ. ವಿಲ್ಲಿಸ್ ಗಾಡಿಗಳ ಹಳೆಯ ಕೈಪಿಡಿಗಳಲ್ಲಿಯೂ ತಕ್ಕಡಿಯ ಈ ಪರೀಕ್ಷೆ ಇದೆಯೆಂದು ನಾನು ತರುವಾಯ ಓದಿ ತಿಳಿದೆ.

ಚಕ್ರದ ಬೇರಿಂಗನ್ನು ಸರಿಪಡಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಕ್ರವನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು, ತುಸು ಹಿಂದಕ್ಕೆ ಬಿಟ್ಟು, ಹೊರಗಿನ ಇನ್ನೊಂದು ನಟ್ಟಿನಿಂದ ಬೀಗ ಹಾಕಿದರು. ಅತಿಯಾಗಿ ಬಿಗಿದರೆ ಬೇರಿಂಗು ಸುಟ್ಟುಹೋಗುತ್ತದೆ. ಸಡಿಲಬಿಟ್ಟರೆ ಚಕ್ರ ತೂರಾಡುತ್ತದೆ. ಒಂದು ಪ್ರಾಸಂಗಿಕ ಮಾತು: ಹಳೆಯ ವಿಲ್ಲಿಸ್ ಜೀಪುಗಳ ಎಡಗಡೆಯ ಚಕ್ರದ ನಟ್ಟುಗಳಿಗೆ ತಿರುವು ಉಲ್ಟಾ. ಇದನ್ನರಿಯದೆ ಪಾನಾದ ಮೇಲೆ ಹತ್ತಿ ಕುಣಿದು ಬೋಲ್ಟನ್ನೇ ಮುರಿದ ಶೂರರ ಕಥೆಗಳು ಆ ಮಾಡಿನ ಕೆಳಗೆ ಬಹಳ ಇವೆ.

ಇಷ್ಟಾಗುವ ಹೊತ್ತಿಗೆ ಹನ್ನೆರಡು ಗಂಟೆ. ಹುಚ್ಚು ನಡುಕದ ಕಥೆ ಮುಗಿಯಿತು; ಲಯಬದ್ಧ ನಡುಕದ್ದು ಉಳಿಯಿತು. ಈಗ ನಾನು ಎಲ್ಲಿಯೋ ಓದಿದ್ದ ಒಂದು ಉಪಾಯವನ್ನು ಮುಂದಿಟ್ಟೆ. ಕೈಬ್ರೇಕು ಹಿಂದಿನ ಚಕ್ರಗಳದ್ದಷ್ಟೆ? ಮೆಲ್ಲಗೆ ಚಲಿಸುವಾಗ ಅದೊಂದನ್ನೇ ಎಳೆದು ನೋಡಿದರೆ ದೋಷ ಹಿಂದೋ ಮುಂದೋ ತಿಳಿಯದೆ? ಮೇಸ್ತ್ರಿಗಳು ಗಾಡಿಯ ಹೊಟ್ಟೆಯ ಕೆಳಗೆ ಬೆರಳು ಮಾಡಿದರು. ಪಟ್ಟಣದ ಕಾರುಗಳಿಗೆ ಆ ಉಪಾಯ ಸಲ್ಲುವುದಂತೆ. ಈ ಬಗೆಯ ಹಳೆಯ ಜೀಪಿನಲ್ಲಿ ಕೈಬ್ರೇಕಿನ ಡ್ರಮ್ಮು ಚಕ್ರದಲ್ಲಿಲ್ಲ. ಗಾಡಿಯ ನಡುವೆ, ಷಾಫ್ಟಿನ ಬಾಯಿಯಲ್ಲಿದೆ. ಅದನ್ನೆಳೆದರೆ ಹಿಂದಿನ ಚಕ್ರದ ಡ್ರಮ್ಮುಗಳ ಸುದ್ದಿ ತಿಳಿಯುವುದಿಲ್ಲ. ಓಡುತ್ತಿರುವಾಗ ಜಗ್ಗಿದರೆ ಷಾಫ್ಟಿನ ಕೀಲುಗಳಿಗೆ ಪೆಟ್ಟು. ಅದು ನಿಂತ ಗಾಡಿಗಷ್ಟೇ.

ಇನ್ನೊಂದು ಸನ್ನೆಕೋಲನ್ನು ತೋರಿಸಿ, “ಇದನ್ನ ಟಾರ್ ರಸ್ತೆಯಲ್ಲೂ ಹಾಕಿರ್ತೀಯಾ?” ಎಂದು ಚಾಲಕನನ್ನು ಕೇಳಿದರು. ನಾಲ್ಕು ಚಕ್ರಗಳಿಗೂ ಬಲ ಕೊಡುವ ಸನ್ನೆ ಅದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಇಂಥ ಜೀಪುಗಳಲ್ಲಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುವ ಏರ್ಪಾಡು ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಇಲ್ಲ. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಸರಿಹೋಗುತ್ತದೆ. ಗಟ್ಟಿ ಟಾರಿನ ಮೇಲೆ ಜಾರಲಾರದೆ ಷಾಫ್ಟುಗಳು ತಿರುಚಿಕೊಂಡು ಗಾಡಿ ತಿರುವಿನಲ್ಲಿ ನರಳುತ್ತದೆ, ತೊಡರುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಇದ್ದರಂತೂ ನೆಟ್ಟನೆಯ ದಾರಿಯಲ್ಲೂ ಅದೇ ಪಾಡು. ಪಟ್ಟಣದ ಕಾರ್ಖಾನೆ ಎರಡೇ ಟೈರು ಬದಲಾಯಿಸಿ ಒಂದು ಹೊಸ ತೊಂದರೆಯನ್ನೂ ಉಚಿತವಾಗಿ ದಯಪಾಲಿಸಿತ್ತು. ಪುಣ್ಯವಶಾತ್ ನಮ್ಮ ಚಾಲಕ ಆ ಸನ್ನೆಯನ್ನು ಬೆಟ್ಟದ ಮಣ್ಣಿನಲ್ಲಿ ಮಾತ್ರ ಬಳಸುವವನು.

ಮುಂದಿನ ಎರಡು ಚಕ್ರಗಳನ್ನೂ ಮೇಲೆತ್ತಿ, ಬ್ರೇಕಿನ ಷೂಗಳನ್ನು ಡ್ರಮ್ಮಿಗೆ ಸೋಕುವಷ್ಟೇ ಹತ್ತಿರ ತಂದು, ಕೈಯಿಂದ ತಿರುಗಿಸಿದರು. ಎಡಚಕ್ರ ಸುಯ್ಯೆಂದು ಒಂದೇ ಸಮನೆ ಉಸಿರಾಡಿತು. ಬಲಚಕ್ರದ್ದು ಹಾಗಲ್ಲ: ಸುಯ್, ಮೌನ, ಸುಯ್, ಮೌನ. ಸದ್ದು ಬಂದ ಕಡೆ ಸೀಮೆಸುಣ್ಣದ ಗೆರೆಯೆಳೆದರು. ಡ್ರಮ್ಮು ಹೊರಬಂದಾಗ ಅದರ ಒಳಮೈಯಲ್ಲಿ ಅಲ್ಲಲ್ಲಿ ನವಿಲುಗರಿಯಂಥ ನೀಲಿ ಕಲೆಗಳು. ಬಾಯಿಯ ಅಂಚಿನಲ್ಲಿ ಬೆರಳುಗುರಿಗೆ ಸಿಕ್ಕುವಷ್ಟು ಎತ್ತರದ ಏಣು. ನೀಲಿಯ ಕಲೆ ಬೆಂದ ಕಬ್ಬಿಣದ ಗುರುತು. ಒಳಗಿನ ಅಳತೆಗೋಲನ್ನು ನಾಲ್ಕು ದಿಕ್ಕಿಗೆ ಹಿಡಿದು ನೋಡಿದರು. ನಾಲ್ಕು ಅಳತೆಗಳೂ ಬೇರೆಬೇರೆ. ಡ್ರಮ್ಮು ದುಂಡಾಗಿರದೆ ಮೊಟ್ಟೆಯಾಗಿತ್ತು.

ಆದದ್ದು ಹೇಗೆಂಬುದನ್ನು ಊಹಿಸುವುದು ಕಷ್ಟವಲ್ಲ. ಜನ ತುಂಬಿದ ಒಂದೂವರೆ ಟನ್ನಿಗೂ ಮಿಕ್ಕಿದ ಜೀಪು 500 ಮೀಟರು ಕೆಳಗೆ ಇಳಿಯುವಾಗ, ಅದನ್ನು ಬ್ರೇಕಿನಿಂದಲೇ ಹಿಡಿದು ಇಳಿಸಿದ್ದಾದರೆ, ಆ ನಾಲ್ಕು ಡ್ರಮ್ಮುಗಳಲ್ಲಿ ಹುಟ್ಟುವ ಶಾಖ ಸುಮಾರು 25 ಲೀಟರು ತಣ್ಣೀರನ್ನು ಕುದಿಸಲು ಸಾಲುತ್ತದೆ. ಇದೂ ಭೌತಶಾಸ್ತ್ರದ ಮಿತ್ರರದೇ ಲೆಕ್ಕ. ಹಾಗೆ ಕಾದ ಕಬ್ಬಿಣ ಬೆಟ್ಟದ ಬುಡದಲ್ಲಿ ಹಳ್ಳದ ನೀರಿಗಿಳಿದರೆ ಒಂದು ಮಗ್ಗುಲು ಛುಂಯ್ ಎಂದು ತಣ್ಣಗಾಗಿ, ಇನ್ನೊಂದು ಮಗ್ಗುಲು ಕಾದೇ ಉಳಿದು, ಲೋಹ ಸೊಟ್ಟಗಾಗುತ್ತದೆ, ಕೆಲವೆಡೆ ಗಡುಸಾಗುತ್ತದೆ. ಎಷ್ಟು ಸಲ ಹೊಸ ಲೈನಿಂಗು ಹಾಕಿದರೂ ಆ ಮೊಟ್ಟೆ ಅದನ್ನು ತನ್ನ ಆಕಾರಕ್ಕೆ ತೀಡಿಕೊಳ್ಳುತ್ತದೆ. ಎರಡು ವಾರ ಸುಮ್ಮನಿದ್ದು ಮತ್ತೆ ಬಂದ ನಡುಕದ ರಹಸ್ಯ ಇದು.

“ಲೇತಿಗೆ ಕೊಟ್ಟು ಕಡೆಸಿದ್ರೆ ಆಯ್ತಲ್ಲ?” ಎಂದ ಚಾಲಕ.

ಮೇಸ್ತ್ರಿಗಳು ತಲೆಯಾಡಿಸಿದರು. ಡ್ರಮ್ಮನ್ನು ಕಡೆಯುವುದಕ್ಕೂ ಒಂದು ಎಲ್ಲೆಯಿದೆ. ಮೂಲದ ವ್ಯಾಸಕ್ಕಿಂತ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರಿನಷ್ಟು ಹಿಗ್ಗಿದರೆ ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಇದನ್ನು ಹಿಂದೆಯೇ ಎರಡು ಸಲ ಕಡೆಯಲಾಗಿತ್ತು. ಇನ್ನು ಕಡೆದರೆ ಗೋಡೆ ತೆಳುವಾಗಿ, ಬೇಗ ಕಾದು, ಘಾಟಿಯ ನಡುವೆ ಬಿರುಕು ಬಿಡಬಹುದು. ಮೇಲಾಗಿ ಕಾದ ಡ್ರಮ್ಮು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ. ಪೆಡಲು ಕೆಳಕೆಳಕ್ಕೆ ಇಳಿಯುತ್ತದೆ. ಹಳೆಯ ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡಿದ್ದರೆ ಅದೂ ಕುದಿದು ಗುಳ್ಳೆಯಾಗಿ, ತುಳಿದ ಕಾಲು ನೆಲ ಮುಟ್ಟುತ್ತದೆ.

“ಇವತ್ತೊಂದು ದಿನ, ಇವರನ್ನು ಮೇಲೆ ಕರೆದುಕೊಂಡು ಹೋಗಿ ಬರ್ತೀನಿ. ನಾಳೆ ಎರಡು ಬಾಡಿಗೆ ಒಪ್ಪಿಕೊಂಡಿದೀನಿ. ಸೋಮವಾರ ಹಾಕಿಸ್ತೀನಿ,” ಎಂದು ಚಾಲಕ ಅಂಗಲಾಚಿದ. ಅವನ ಧ್ವನಿಯಲ್ಲಿ ಮೊಂಡುತನವಿರಲಿಲ್ಲ, ಲೆಕ್ಕವಿತ್ತು. ಎರಡು ದಿನದ ದುಡಿಮೆ ಹೋದರೆ ಯಾವ ಕಂತು ತಪ್ಪುತ್ತದೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಮೇಸ್ತ್ರಿಗಳು ಉತ್ತರ ಕೊಡಲಿಲ್ಲ. ಕಳಚಿದ ಡ್ರಮ್ಮನ್ನು ಎತ್ತಿಕೊಂಡು ಹೋಗಿ ಹಲಸಿನ ಮರದ ಬುಡದ ರಾಶಿಗೆ ಎಸೆದುಬಿಟ್ಟರು. ಠಣ್ಣೆಂಬ ಆ ಸದ್ದಿನೊಂದಿಗೆ ಚರ್ಚೆ ಮುಗಿಯಿತು. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ನನ್ನ ತಾಯಿ, “ಹರಕೆ ಇಪ್ಪತ್ತು ವರ್ಷ ಕಾದಿದೆ, ಇನ್ನೊಂದು ದಿನ ಕಾಯುತ್ತದೆ,” ಎಂದು ಹೇಳಿ ಸೆರಗಿನ ಗಂಟಿನಿಂದ ಆ ದಿನದ ಬಾಡಿಗೆಯನ್ನು ಚಾಲಕನ ಕೈಗಿಟ್ಟರು. ಅವನು ಬೇಡವೆಂದ. ಅವರು ಕೇಳಲಿಲ್ಲ.

ಶಿವಮೊಗ್ಗದ ಅಂಗಡಿಗೆ ಫೋನು ಹೋಯಿತು. ಒಂದೇ ಅಚ್ಚಿನ ಎರಡು ಬದಿಗೂ ಒಂದೇ ವಯಸ್ಸಿನ ಡ್ರಮ್ಮು, ಲೈನಿಂಗುಗಳಿರಬೇಕಾದ್ದರಿಂದ ಜೋಡಿಯನ್ನೇ ತರಿಸಬೇಕಾಯಿತು. ಇಲ್ಲವಾದರೆ ಬ್ರೇಕು ಒಂದು ಕಡೆಗೆ ಎಳೆಯುತ್ತದೆ. ಪೊಟ್ಟಣ ರಾತ್ರಿಯ ಕೊನೆಯ ಬಸ್ಸಿನಲ್ಲಿ, ಗೋಣಿಚೀಲದೊಳಗೆ, ಕಂಡಕ್ಟರನ ಕಾಲಬುಡದಲ್ಲಿ ಕುಳಿತು ಬಂತು.

ನಡುವೆ ಸಿಕ್ಕ ಮಧ್ಯಾಹ್ನವನ್ನು ನಾವು ಕೋಟೆಯಲ್ಲಿ ಕಳೆದೆವು. ಕಲ್ಲಿನ ಗೋಡೆಗಳ ಮೇಲೆ ಹುಲ್ಲು ಬೆಳೆದು, ಒಳಗೆ ಅರಮನೆಯ ಅಡಿಪಾಯ ಮಾತ್ರ ಉಳಿದಿದೆ. ಸಮೀಪದಲ್ಲೇ ದೇವಗಂಗೆಯ ಕೊಳಗಳು. ಬೆಟ್ಟದ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹರಿಯುತ್ತಿದೆ. ಕೆಳದಿಯ ಅರಸರ ಆನೆ, ಕುದುರೆ, ಮೆಣಸಿನ ಎತ್ತುಗಳು ಈ ಘಾಟಿಗಳನ್ನು ಹೇಗೆ ಇಳಿಯುತ್ತಿದ್ದವೋ ಎಂದು ಯೋಚಿಸುತ್ತ ನಾನು ಕೊಳದ ಮೆಟ್ಟಿಲ ಮೇಲೆ ಕುಳಿತಿದ್ದೆ. ಮಗಳು ಮಾತ್ರ ಇತಿಹಾಸವನ್ನು ಬದಿಗಿಟ್ಟು, ಕಂಡ ಕಂಡ ಬೈಸಿಕಲ್ಲಿನ ಚಕ್ರವನ್ನೆಲ್ಲ ಹಿಡಿದು ಅಲ್ಲಾಡಿಸಿ ರೋಗ ಕಂಡುಹಿಡಿಯುತ್ತಿದ್ದಳು.

ಭಾನುವಾರ ಬೆಳಕು ಹರಿಯುವುದಕ್ಕೆ ಮೊದಲೇ ಕೆಲಸ ಮೊದಲಾಯಿತು. ಒಂಬತ್ತಕ್ಕೆ ಜೀಪು ನೆಲಕ್ಕಿಳಿಯಿತು. ಹೊಸ ಲೈನಿಂಗು ಹೊಸ ಡ್ರಮ್ಮಿನೊಡನೆ ಹೊಂದಿಕೊಳ್ಳುವುದಕ್ಕೆ ಕೆಲವು ಮೈಲಿಗಳ ಸಂಸಾರ ಬೇಕು. ಮೇಸ್ತ್ರಿಗಳೇ ಪಕ್ಕದಲ್ಲಿ ಕುಳಿತು ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ಮೆಲ್ಲಮೆಲ್ಲನೆ ಬ್ರೇಕು ತುಳಿಸಿ, ನಡುನಡುವೆ ತಣಿಯಲು ಬಿಟ್ಟು, ಮರಳಿ ಬಂದು ಷೂಗಳನ್ನು ಇನ್ನೊಮ್ಮೆ ಹೊಂದಿಸಿದರು. ಐವತ್ತೈದರ ವೇಗದಲ್ಲಿ ಬೇಕೆಂದೇ ಒಂದು ಉಬ್ಬಿನ ಮೇಲೆ ಹಾಯಿಸಿದಾಗ ಸ್ಟಿಯರಿಂಗು ಒಮ್ಮೆ ಮಿಡುಕಿ ಸುಮ್ಮನಾಯಿತಂತೆ. ಹಿಂದಿನ ಟೈರುಗಳನ್ನು ಮುಂದಿನ ತಿಂಗಳು ಬದಲಾಯಿಸಲೇಬೇಕೆಂದು ಆಜ್ಞೆಯಾಯಿತು.

ಸಂಪೇಕಟ್ಟೆ ದಾಟಿ ಕಟ್ಟಿನಹೊಳೆಯ ಕಡೆಯಿಂದ ಬೆಟ್ಟವನ್ನು ಹತ್ತಿದೆವು. ಅದು ರಸ್ತೆಯಲ್ಲ, ಒಣಗಿದ ಹಳ್ಳವೊಂದು ರಸ್ತೆಯ ವೇಷ ಹಾಕಿಕೊಂಡಂತಿದೆ. ಆದರೆ ಜಿಗಿತಕ್ಕೂ ನಡುಕಕ್ಕೂ ವ್ಯತ್ಯಾಸವುಂಟು. ಜೀಪು ಜಿಗಿಯಿತು, ವಾಲಿತು, ಕಲ್ಲುಗಳ ಮೇಲೆ ಕಾಲಿಟ್ಟು ಹತ್ತಿತು. ಚಕ್ರಗಳು ಮಾತ್ರ ಚಾಲಕನ ಮಾತು ಕೇಳಿದವು. ಕುಟಜವೆಂದರೆ ಕೊಡಸಿಗೆಯ ಮರ. ಕುಟಜಾದ್ರಿಯೇ ಕೊಡಚಾದ್ರಿಯಾಯಿತೆಂದು ಹೇಳುತ್ತಾರೆ. ಮೂಲ ಮೂಕಾಂಬಿಕೆಯ ಗುಡಿಯ ಬಳಿ ಕಬ್ಬಿಣದ ಹಳೆಯ ಕಂಬವೊಂದು ಮಳೆಗಾಳಿಗಳಿಗೆ ಎದೆಕೊಟ್ಟು ನಿಂತಿದೆ. ತಾಯಿಯವರನ್ನೂ ಹೆಂಡತಿಯನ್ನೂ ಅಲ್ಲಿ ಬಿಟ್ಟು, ಮಗಳೂ ನಾನೂ ಸರ್ವಜ್ಞಪೀಠದವರೆಗೆ ನಡೆದು ಹೋಗಿ ಬಂದೆವು. ಶಂಕರಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಪುಟ್ಟ ಕಲ್ಲಿನ ಮಂಟಪದ ಸುತ್ತ ಮಂಜು ತೇಲುತ್ತಿತ್ತು. ಪಡುವಣ ಕಡಲು ಕಾಣಲಿಲ್ಲ.

ಇಳಿಯುವಾಗ ಚಾಲಕ ಸಣ್ಣ ಸನ್ನೆಯನ್ನು ಲೋ ಗೇರಿಗೆ ತಂದು, ಮೊದಲನೆಯ ಗೇರಿನಲ್ಲಿ, ಇಂಜಿನಿನ ತಡೆಯಿಂದಲೇ ಗಾಡಿಯನ್ನು ಇಳಿಸಿದ. ತೀರ ಬೇಕಾದೆಡೆ ಮಾತ್ರ ಬ್ರೇಕನ್ನು ಒತ್ತಿ, ಒಡನೆ ಬಿಡುತ್ತಿದ್ದ. ಬುಡದ ಹಳ್ಳ ಬಂದಾಗ ನೀರಿಗಿಳಿಸದೆ ಹತ್ತು ನಿಮಿಷ ನಿಲ್ಲಿಸಿದ. “ಆರಲಿ,” ಎಂದ. ನೀರು ದಾಟಿದ ಮೇಲೆ, ಒದ್ದೆಯಾದ ಬ್ರೇಕು ಹಿಡಿಯದಾದ್ದರಿಂದ, ಸ್ವಲ್ಪ ದೂರ ಪೆಡಲನ್ನು ಹಗುರವಾಗಿ ತುಳಿದುಕೊಂಡೇ ಬಂದು ಅದನ್ನು ಒಣಗಿಸಿದ. ಯಾರೂ ಹೇಳದೆಯೇ ಇವನ್ನೆಲ್ಲ ಮಾಡಿದನೆಂಬುದನ್ನು ಗಮನಿಸಿದೆ. ಅವನ ತಂದೆಯೂ ಹೀಗೆಯೇ ಇಳಿಸುತ್ತಿದ್ದರಂತೆ. ಬಾಡಿಗೆಯ ಅವಸರದಲ್ಲಿ ತಾನು ಬಿಟ್ಟಿದ್ದೆನೆಂದು ಅವನೇ ಹೇಳಿದ.

ನಾಗೋಡಿಯ ಘಾಟಿಯನ್ನಿಳಿದು ಕೊಲ್ಲೂರು ಸೇರುವ ಹೊತ್ತಿಗೆ ದೀಪ ಹತ್ತಿದ್ದವು. ದೇವಸ್ಥಾನದ ಬೀದಿಯ ಬಾಯಲ್ಲಿ ನಾವು ಇಳಿದು ಗಂಟುಮೂಟೆ ತೆಗೆಯುತ್ತಿದ್ದಾಗ ಚಾಲಕ ಗಾಡಿಯನ್ನು ಒಂದು ಸುತ್ತು ಬಂದ. ಪ್ರತಿಯೊಂದು ಚಕ್ರದ ಮುಂದೆ ಕುಕ್ಕುರು ಕುಳಿತು, ಡ್ರಮ್ಮಿಗೆ ತಾಗಿಸದೆ ಅಂಗೈಯನ್ನು ಹತ್ತಿರ ಹಿಡಿದು ನೋಡಿದ. ಹಿಂದಿನ ಎರಡೂ ಸಮ. ಮುಂದಿನ ಎಡ ಬೆಚ್ಚಗೆ. ಮುಂದಿನ ಬಲ ಅದಕ್ಕಿಂತ ತುಸು ಹೆಚ್ಚು. ಷೂ ಒಂದೆಳೆ ಬಿಗಿಯಾಗಿದೆಯೆಂದು, ಬೆಳಿಗ್ಗೆ ನಗರದಲ್ಲಿ ಮೇಸ್ತ್ರಿಗಳಿಗೆ ತೋರಿಸಿಯೇ ಮುಂದೆ ಹೋಗುವುದಾಗಿ ಹೇಳಿದ. ನನ್ನ ಮಗಳೂ ಅವನ ಪಕ್ಕದಲ್ಲಿ ಕುಳಿತು ಅಂಗೈ ಹಿಡಿದಿದ್ದಳು. ಅಜ್ಜಿ ಮೂರು ಸಲ ಕೂಗಿದ ಮೇಲೆ ಎದ್ದು ಬಂದಳು.